ಸೇತುವೆಯಿಂದ ಪವಾಯಿಗೆ: ಸನಿ ರೋಲಿನ್ಸ್ ಅವರ ನಾದಯಾತ್ರೆ

ಮುಂಬಯಿಯ ಸಂಗೀತ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ದಕ್ಷಿಣ ಮುಂಬಯಿಯನ್ನೇ ಸುತ್ತುತ್ತಾರೆ. ಗಿರಗಾಂವಿನ ಬೈಠಕ್ಕುಗಳು, ಭೇಂಡಿಬಜಾರ್ ಘರಾಣೆ, ತಾಜಮಹಲ್ ಹೋಟೆಲಿನ ಬ್ಯಾಂಡುಗಳು, ತಾರದೇವದ ಸ್ಟುಡಿಯೋಗಳು ಇವೇ ಆ ಚರಿತ್ರೆಯ ಠಾಣೆಗಳು. ಉಪನಗರಗಳಿಗೆ ಅದರಲ್ಲಿ ದೊರೆಯುವ ಪಾಲು ಅಲ್ಪ. ಆದರೆ ಘಾಟ್ಕೋಪರಿನ ನೆರೆಯಲ್ಲೇ, ಅಸಲ್ಫಾ ಮತ್ತು ಸಾಕಿನಾಕಾ ದಾಟಿ ಸಾಕಿವಿಹಾರ ರಸ್ತೆಯನ್ನು ಹಿಡಿದರೆ ಸಿಗುವ ಪವಾಯಿಯ ಒಂದು ಆಶ್ರಮದಲ್ಲಿ, 1960ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ಒಬ್ಬ ಸಂಗೀತಗಾರರು ಕೆಲವು ತಿಂಗಳು ನೆಲೆಸಿದ್ದರು. ಅವರು ಕಚೇರಿ ನಡೆಸಲು ಬಂದವರಲ್ಲ. ಯೋಗ, ಧ್ಯಾನ, ವೇದಾಂತಗಳನ್ನು ಅಭ್ಯಾಸ ಮಾಡಲು ಬಂದವರು. ಅವರೇ ಸನಿ ರೋಲಿನ್ಸ್. ಜಾಝ್ ಸಂಗೀತ ಕಂಡ ಅತ್ಯುನ್ನತ ಟೆನರ್ ಸ್ಯಾಕ್ಸೋಫೋನ್ ವಾದಕರಲ್ಲಿ ಒಬ್ಬರು.

ಪ್ರಸಿದ್ಧರೊಬ್ಬರು ನಮ್ಮ ಪಕ್ಕದ ಬಡಾವಣೆಗೆ ಬಂದು ಹೋದರೆಂಬ ಹೆಮ್ಮೆಯೊಂದೇ ಈ ಬರಹಕ್ಕೆ ಕಾರಣವಲ್ಲ. ಕೀರ್ತಿಯ ತುದಿಯಲ್ಲಿ ನಿಂತ ಕಲಾವಿದನು ಸ್ವಂತ ಇಚ್ಛೆಯಿಂದ ವೇದಿಕೆಯನ್ನು ಬಿಟ್ಟು ಇಳಿದುಹೋಗುವುದು ಅಪರೂಪ. ರೋಲಿನ್ಸ್ ಹಾಗೆ ಎರಡು ಬಾರಿ ಇಳಿದುಹೋದರು, ಎರಡು ಬಾರಿಯೂ ಮರಳಿ ಬಂದರು. ಅವರ ಧ್ವನಿಮುದ್ರಿಕೆಗಳನ್ನು ಕಾಲಾನುಕ್ರಮದಲ್ಲಿ ಕೇಳುತ್ತ ಹೋದರೆ, ನುಡಿಸಿದ್ದರಷ್ಟೇ ನುಡಿಸದೆ ಉಳಿದದ್ದೂ ಅವರ ಸಂಗೀತವನ್ನು ರೂಪಿಸಿತೆಂಬುದು ಮನವರಿಕೆಯಾಗುತ್ತದೆ. ಪವಾಯಿ ಆ ಮೌನದ ಒಂದು ಅಧ್ಯಾಯ.

ಮೊದಲು ವಾದ್ಯದ ಬಗ್ಗೆ ಒಂದು ಮಾತು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬವರು 1840ರ ದಶಕದಲ್ಲಿ ರೂಪಿಸಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ ಸ್ಯಾಕ್ಸೋಫೋನ್. ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಯ ಬಳಿಯ ಜೊಂಡಿನ ಸೀಳಿನಿಂದ. ಆದ್ದರಿಂದ ಅದು ತುತ್ತೂರಿಗಿಂತ ನಮ್ಮ ನಾಗಸ್ವರ, ಶಹನಾಯಿಗಳಿಗೆ ಹತ್ತಿರದ ನೆಂಟ. ಗಾತ್ರ ಮತ್ತು ಶ್ರುತಿಗೆ ತಕ್ಕಂತೆ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬ ಭೇದಗಳಿವೆ. ಇವುಗಳಲ್ಲಿ ಟೆನರ್ ಗಂಡಸಿನ ಕಂಠಕ್ಕೆ ಸಮೀಪವಾದದ್ದು: ಗೊಗ್ಗರಾಗಬಲ್ಲದು, ಪಿಸುಗುಡಬಲ್ಲದು, ಗದರಬಲ್ಲದು.

ವಾಲ್ಟರ್ ಥಿಯೊಡೋರ್ ರೋಲಿನ್ಸ್ ಹುಟ್ಟಿದ್ದು 1930ರ ಸೆಪ್ಟೆಂಬರ್ 7ರಂದು, ನ್ಯೂಯಾರ್ಕಿನಲ್ಲಿ. ತಂದೆತಾಯಿಗಳು ಕೆರೀಬಿಯನ್ ಕಡಲಿನ ವರ್ಜಿನ್ ದ್ವೀಪಗಳ ಮೂಲದವರು. ಬೆಳೆದದ್ದು ಕರಿಯರ ಸಾಂಸ್ಕೃತಿಕ ರಾಜಧಾನಿಯೆನಿಸಿದ್ದ ಹಾರ್ಲೆಮ್ಮಿನಲ್ಲಿ. ಟೆನರ್ ಸ್ಯಾಕ್ಸೋಫೋನಿಗೆ ಜಾಝ್‌ನಲ್ಲಿ ಸ್ಥಾನ ತಂದುಕೊಟ್ಟ ಕೋಲ್ಮನ್ ಹಾಕಿನ್ಸ್ ಅವರೇ ಬಾಲಕನ ಆರಾಧ್ಯದೈವ. ಮೊದಲು ಪಿಯಾನೊ, ಬಳಿಕ ಆಲ್ಟೊ, ಹದಿನಾರರ ವಯಸ್ಸಿನಲ್ಲಿ ಟೆನರ್. 1949ರ ವೇಳೆಗೆ ಧ್ವನಿಮುದ್ರಣಗಳಲ್ಲಿ ಅವರ ವಾದನ ಕೇಳಿಬರತೊಡಗಿತು. ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ, ಇಲ್ಲವೇ ಆಗಷ್ಟೇ ತುಂಬಿತ್ತು.

ಆದರೆ ಆ ಪೀಳಿಗೆಯ ಜಾಝ್ ಕಲಾವಿದರನ್ನು ಹಿಂಡಿದ ಹೆರಾಯಿನ್ ಎಂಬ ಪಿಡುಗು ಅವರನ್ನೂ ಬಿಡಲಿಲ್ಲ. 1950ರಲ್ಲಿ ದರೋಡೆಯ ಪ್ರಕರಣವೊಂದರಲ್ಲಿ ಸೆರೆಯಾಗಿ ರೈಕರ್ಸ್ ದ್ವೀಪದ ಜೈಲನ್ನು ಕಂಡರು. ನಡುನಡುವೆ ಮೈಲ್ಸ್ ಡೇವಿಸ್ ಅವರೊಡನೆ ನುಡಿಸಿದರು. 1954ರಲ್ಲಿ ಡೇವಿಸ್ ಅವರೊಡನೆ ಮುದ್ರಿಸಿದ ‘ಐರೆಜಿನ್’, ‘ಓಲಿಯೊ’, ‘ಡಾಕ್ಸಿ’ ಈ ಮೂರೂ ರೋಲಿನ್ಸ್ ಅವರ ಸ್ವಂತ ರಚನೆಗಳು. ಇಂದಿಗೂ ಜಾಝ್ ಕಲಿಯುವವರು ಇವನ್ನು ಪಾಠದಂತೆ ಅಭ್ಯಾಸ ಮಾಡುತ್ತಾರೆ. ‘ಐರೆಜಿನ್’ ಎಂಬುದು ನೈಜೀರಿಯಾದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದಾಗ ಬರುವ ಪದ. ಪೂರ್ವಜರ ಖಂಡದ ಹೆಸರನ್ನು ಮರೆಯಲ್ಲಿಟ್ಟು ಹೇಳಿದ ರೀತಿ ಅದು.

ಆ ಕಾಲದ ಮಹಾಗುರು ಚಾರ್ಲಿ ಪಾರ್ಕರ್. ಸ್ವತಃ ವ್ಯಸನಿಯಾಗಿದ್ದ ಪಾರ್ಕರ್ ಕಿರಿಯ ರೋಲಿನ್ಸ್‌ಗೆ ಆ ದಾರಿಯನ್ನು ಬಿಡುವಂತೆ ಬುದ್ಧಿ ಹೇಳಿದ್ದರು. ರೋಲಿನ್ಸ್ 1955ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನ ಸರ್ಕಾರಿ ಚಿಕಿತ್ಸಾಲಯವನ್ನು ಸೇರಿ ಚಟದಿಂದ ಬಿಡುಗಡೆ ಪಡೆದರು. ಆದರೆ ಆ ಸುದ್ದಿಯನ್ನು ಗುರುವಿಗೆ ತಿಳಿಸುವ ಭಾಗ್ಯ ಅವರದಾಗಲಿಲ್ಲ. ಪಾರ್ಕರ್ ಅದೇ ವರ್ಷದ ಮಾರ್ಚಿಯಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ತೀರಿಕೊಂಡಿದ್ದರು. ಚಿಕಿತ್ಸೆಯ ಬಳಿಕ ರೋಲಿನ್ಸ್ ಶಿಕಾಗೋದಲ್ಲಿ ಕಸಗುಡಿಸುವ ಕೆಲಸವನ್ನೂ ಮಾಡಿದರು. ಆ ವರ್ಷದ ಕೊನೆಯಲ್ಲಿ ಕ್ಲಿಫರ್ಡ್ ಬ್ರೌನ್ ಮತ್ತು ಮ್ಯಾಕ್ಸ್ ರೋಚ್ ಅವರ ತಂಡವನ್ನು ಸೇರಿದಾಗ, ಮಾದಕ ವಸ್ತುಗಳ ಸೋಂಕಿಲ್ಲದೆಯೂ ಶ್ರೇಷ್ಠವಾಗಿ ನುಡಿಸಬಹುದೆಂಬುದಕ್ಕೆ ಬ್ರೌನ್ ಅವರ ಶಿಸ್ತಿನ ಬದುಕು ಅವರಿಗೆ ಕಣ್ಣೆದುರಿನ ನಿದರ್ಶನವಾಯಿತು.

1956 ಅವರ ಬಾಳಿನ ಫಲವತ್ತಾದ ವರ್ಷ. ಮೇ 24ರಂದು ‘ಟೆನರ್ ಮ್ಯಾಡ್‌ನೆಸ್’ ಮುದ್ರಣ. ಅದರ ಶೀರ್ಷಿಕೆಗೀತದಲ್ಲಿ ಜಾನ್ ಕೋಲ್‌ಟ್ರೇನ್ ಜತೆಗೂಡಿದ್ದಾರೆ. ಈ ಇಬ್ಬರು ಟೆನರ್ ದಿಗ್ಗಜರು ಒಟ್ಟಿಗೆ ನುಡಿಸಿದ್ದರಲ್ಲಿ ನಮಗೆ ಉಳಿದಿರುವ ಏಕೈಕ ಧ್ವನಿಮುದ್ರಣ ಅದು. ಒಂದು ತಿಂಗಳೊಳಗೆ, ಜೂನ್ 22ರಂದು, ‘ಸ್ಯಾಕ್ಸೋಫೋನ್ ಕೊಲಾಸಸ್’. ಪಿಯಾನೊದಲ್ಲಿ ಟಾಮಿ ಫ್ಲಾನಗನ್, ಡಬಲ್ ಬಾಸ್‌ನಲ್ಲಿ ಡಗ್ ವಾಟ್ಕಿನ್ಸ್, ಡ್ರಮ್ಸ್‌ನಲ್ಲಿ ಮ್ಯಾಕ್ಸ್ ರೋಚ್. ಆ ಮುದ್ರಣ ಮುಗಿದ ನಾಲ್ಕೇ ದಿನಗಳಲ್ಲಿ ಕ್ಲಿಫರ್ಡ್ ಬ್ರೌನ್ ಕಾರು ಅಪಘಾತದಲ್ಲಿ ಮಡಿದರು. ಅವರಿಗಿನ್ನೂ ಇಪ್ಪತ್ತೈದು ವರ್ಷ.

‘ಸ್ಯಾಕ್ಸೋಫೋನ್ ಕೊಲಾಸಸ್’ನಲ್ಲಿರುವುದು ಐದೇ ರಚನೆಗಳು. ಮೊದಲನೆಯದಾದ ‘ಸೇಂಟ್ ಥಾಮಸ್’ ತಾಯಿಯ ದ್ವೀಪನಾಡಿನ ಕ್ಯಾಲಿಪ್ಸೊ ಧಾಟಿ. ಬಾಲ್ಯದಲ್ಲಿ ಮನೆಯಲ್ಲಿ ಕೇಳಿದ ಮಟ್ಟು ಇಲ್ಲಿ ಟೆನರ್‌ನಲ್ಲಿ ಕುಣಿಯುತ್ತದೆ. ‘ಮೊರಿಟಾಟ್’ ಕನ್ನಡ ರಂಗಭೂಮಿಯವರಿಗೆ ಸುಪರಿಚಿತನಾದ ಬ್ರೆಕ್ಟ್‌ನ ‘ತ್ರೀ ಪೆನಿ ಆಪೆರಾ’ದ ಹಾಡು. ಕೊನೆಯದಾದ ‘ಬ್ಲೂ ಸೆವೆನ್’ ಬಗ್ಗೆ ಸಂಗೀತಶಾಸ್ತ್ರಜ್ಞ ಗುಂಥರ್ ಶುಲ್ಲರ್ 1958ರಲ್ಲಿ ವಿಸ್ತಾರವಾದ ಪ್ರಬಂಧವನ್ನೇ ಬರೆದರು. ಸಾಮಾನ್ಯ ವಾದಕರು ಮೂಲಮಟ್ಟನ್ನು ಒಮ್ಮೆ ನುಡಿಸಿ, ಬಳಿಕ ಅದನ್ನು ಮರೆತು ಸ್ವರಗಳ ಸುರಿಮಳೆಗರೆಯುತ್ತಾರೆ. ರೋಲಿನ್ಸ್ ಹಾಗಲ್ಲ, ಮೂಲಮಟ್ಟಿನ ಒಂದು ತುಣುಕನ್ನೇ ಹಿಡಿದು ಅದನ್ನು ಹಿಗ್ಗಿಸಿ, ಕುಗ್ಗಿಸಿ, ಮಡಚಿ, ಬಿಡಿಸಿ ಇಡೀ ಕಟ್ಟಡವನ್ನು ಎಬ್ಬಿಸುತ್ತಾರೆ ಎಂಬುದು ಆ ವಿಶ್ಲೇಷಣೆಯ ತಿರುಳು.

ಖಯಾಲ್ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ. ಬಂದಿಶಿನ ಮುಖಡಾವನ್ನು ಬಿಡದೆ ಬಢತ್ ಮಾಡುವ ಕ್ರಮ ಧಾರವಾಡದ ಗಾಯಕರಿಂದ ನಮ್ಮ ಕಿವಿಗೆ ಬಂದದ್ದು. ಕರ್ನಾಟಕ ಸಂಗೀತದಲ್ಲಿ ನೆರವಲ್ ಇದೇ ಜಾತಿಯದು. ಜಾಝ್ ಎಂದರೆ ಗದ್ದಲವೆಂದು ದೂರವಿಡುವ ನಮ್ಮ ಹಿರಿಯರಿಗೆ ನಾವು ಮೊದಲು ಕೇಳಿಸುವುದು ‘ಬ್ಲೂ ಸೆವೆನ್’ ರಚನೆಯನ್ನೇ. ಹನ್ನೊಂದು ನಿಮಿಷಗಳ ಆ ವಾದನದಲ್ಲಿ ಆತುರವೆಂಬುದು ಎಲ್ಲಿಯೂ ಇಲ್ಲ.

ಮುಂದಿನ ಎರಡು ವರ್ಷಗಳಲ್ಲಿ ಅವರು ಇನ್ನಷ್ಟು ಧೈರ್ಯ ತಾಳಿದರು. 1957ರ ‘ವೇ ಔಟ್ ವೆಸ್ಟ್’ನಲ್ಲಿ ಪಿಯಾನೊವನ್ನೇ ಕೈಬಿಟ್ಟು ಬಾಸ್ ಮತ್ತು ಡ್ರಮ್ಸ್ ಮಾತ್ರ ಇರಿಸಿಕೊಂಡರು. ತಂಬೂರಿಯಿಲ್ಲದೆ ಹಾಡಲು ಹೊರಟಂಥ ಸಾಹಸವದು. ಅದೇ ವರ್ಷದ ನವೆಂಬರ್ 3ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಕೇಳುಗರೆದುರು ನುಡಿಸಿದ್ದರ ಮುದ್ರಣವೂ ಪಿಯಾನೊರಹಿತವೇ. 1958ರ ‘ಫ್ರೀಡಂ ಸ್ವೀಟ್’ನಲ್ಲಿ ಎಲ್‌ಪಿಯ ಒಂದು ಮಗ್ಗುಲನ್ನು ಪೂರ್ತಿ ಆವರಿಸುವ ದೀರ್ಘ ರಚನೆಯಿದೆ. ಅಮೆರಿಕದ ಸಂಸ್ಕೃತಿಯನ್ನು ಕಟ್ಟಿಕೊಟ್ಟ ಕರಿಯರೇ ಆ ನಾಡಿನಲ್ಲಿ ಅಮಾನವೀಯತೆಗೆ ಗುರಿಯಾಗಿರುವ ವಿಪರ್ಯಾಸವನ್ನು ರೋಲಿನ್ಸ್ ತಟ್ಟೆಯ ಹೊದಿಕೆಯ ಮೇಲೆಯೇ ಬರೆದರು. ಆಗ ಅವರು ಹೆಸರಾಂತ ಕಲಾವಿದರು. ಆದರೂ ಮೈಬಣ್ಣದ ಕಾರಣದಿಂದ ನ್ಯೂಯಾರ್ಕಿನಲ್ಲಿ ಬಾಡಿಗೆಮನೆ ದೊರಕುವುದು ಕಷ್ಟವಾಗಿತ್ತು. ಮುಂದೆ ಕಂಪನಿ ಅದೇ ತಟ್ಟೆಯನ್ನು ‘ಶ್ಯಾಡೊ ವಾಲ್ಟ್ಸ್’ ಎಂಬ ನಿರುಪದ್ರವಿ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು.

ಇಷ್ಟೆಲ್ಲ ಕೀರ್ತಿ ಕೈಸೇರಿದ ಮೇಲೆ, 1959ರಲ್ಲಿ, ರೋಲಿನ್ಸ್ ವೇದಿಕೆಯಿಂದ ಮರೆಯಾದರು. ವಿಮರ್ಶಕರು ಹೊಗಳುತ್ತಿದ್ದರು, ಕ್ಲಬ್ಬುಗಳು ಕರೆಯುತ್ತಿದ್ದವು; ಆದರೆ ತಮ್ಮ ವಾದನ ತಮ್ಮ ಹೆಸರಿನ ಎತ್ತರಕ್ಕೆ ಏರಿಲ್ಲವೆಂದು ಅವರಿಗೇ ಅನ್ನಿಸಿತ್ತು. ಅಪಾರ್ಟ್‌ಮೆಂಟಿನಲ್ಲಿ ಗಂಟೆಗಟ್ಟಲೆ ಅಭ್ಯಾಸ ಮಾಡಿದರೆ ನೆರೆಯವರಿಗೆ ತೊಂದರೆ, ಅದರಲ್ಲೂ ನೆರೆಮನೆಯಲ್ಲಿ ಒಬ್ಬ ಗರ್ಭಿಣಿ. ಆದ್ದರಿಂದ ಅವರು ಈಸ್ಟ್ ನದಿಯ ಮೇಲಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಪಾದಚಾರಿ ದಾರಿಯನ್ನು ಅಭ್ಯಾಸದ ಜಾಗವನ್ನಾಗಿ ಮಾಡಿಕೊಂಡರು. ಕೆಳಗೆ ದೋಣಿಗಳು, ಪಕ್ಕದಲ್ಲಿ ರೈಲು, ಚಳಿಗಾಲದಲ್ಲಿ ಕೊರೆಯುವ ಗಾಳಿ. ಕೆಲವೊಮ್ಮೆ ದಿನಕ್ಕೆ ಹದಿನೈದು ಗಂಟೆ. ಸುಮಾರು ಎರಡು ವರ್ಷ ಹೀಗೆ ನಡೆಯಿತು. ಹಿಂದೂಸ್ತಾನಿ ಪರಂಪರೆಯಲ್ಲಿ ನಲವತ್ತು ದಿನ ಕೋಣೆಯೊಳಗೆ ಕುಳಿತು ರಿಯಾಜ್ ಮಾಡುವ ‘ಚಿಲ್ಲಾ’ ವ್ರತದ ಬಗ್ಗೆ ನಾವು ಕೇಳಿದ್ದೇವೆ. ಇದು ಬಯಲಿನಲ್ಲಿ ನಡೆದ ಚಿಲ್ಲಾ.

ಗಳಿಕೆ ರಜೆಯ ಲೆಕ್ಕವನ್ನು ಜೋಪಾನವಾಗಿ ಕಾಯ್ದುಕೊಂಡು ಬದುಕುವ ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗೆ ಇಂಥ ನಿರ್ಧಾರದ ತೂಕ ಚೆನ್ನಾಗಿ ಅರ್ಥವಾಗುತ್ತದೆ. ಸಂಬಳವಿಲ್ಲ, ಮರಳಿ ಬಂದಾಗ ಸ್ಥಾನ ಉಳಿದಿರುತ್ತದೆಂಬ ಭರವಸೆಯೂ ಇಲ್ಲ. ಅವರು ಸೇತುವೆಯ ಮೇಲಿದ್ದ ಹೊತ್ತಿನಲ್ಲೇ ಕೋಲ್‌ಟ್ರೇನ್ ಮತ್ತು ಆರ್ನೆಟ್ ಕೋಲ್ಮನ್ ಜಾಝ್‌ನ ದಿಕ್ಕನ್ನೇ ಬದಲಿಸುತ್ತಿದ್ದರು. ರೋಲಿನ್ಸ್ 1961ರ ಕೊನೆಯಲ್ಲಿ ಮರಳಿದರು, 1962ರಲ್ಲಿ ಗಿಟಾರ್ ವಾದಕ ಜಿಮ್ ಹಾಲ್ ಅವರೊಡನೆ ‘ದ ಬ್ರಿಜ್’ ತಂದರು. ಕ್ರಾಂತಿಯನ್ನು ನಿರೀಕ್ಷಿಸಿದ್ದವರಿಗೆ ನಿರಾಸೆಯಾಯಿತು. ಅದರಲ್ಲಿ ಹೊಸ ಸಿದ್ಧಾಂತವಿರಲಿಲ್ಲ. ಇದ್ದದ್ದು ಹಳೆಯ ಧ್ವನಿಯೇ, ಆದರೆ ಇನ್ನಷ್ಟು ನಿಚ್ಚಳವಾಗಿ, ಇನ್ನಷ್ಟು ಹಿಡಿತದಲ್ಲಿ. ಲೋಕವನ್ನು ಬೆರಗುಗೊಳಿಸುವುದಕ್ಕಲ್ಲ, ತನಗೆ ತಾನು ಒಪ್ಪಿಗೆಯಾಗುವುದಕ್ಕೆ ಅವರು ಹೋಗಿದ್ದರು. 1963ರಲ್ಲಿ ಬಾಲ್ಯದ ಆರಾಧ್ಯದೈವ ಕೋಲ್ಮನ್ ಹಾಕಿನ್ಸ್ ಜತೆಗೇ ಕುಳಿತು ‘ಸನಿ ಮೀಟ್ಸ್ ಹಾಕ್’ ಮುದ್ರಿಸಿದರು.

1966ರಲ್ಲಿ ‘ಆಲ್ಫೀ’ ಚಿತ್ರದ ಸಂಗೀತ ಮತ್ತು ‘ಈಸ್ಟ್ ಬ್ರಾಡ್‌ವೇ ರನ್ ಡೌನ್’ ಮುದ್ರಣವಾದವು. ಬಳಿಕ ಆರು ವರ್ಷ ಅವರ ಸ್ವಂತ ಹೆಸರಿನ ಸ್ಟುಡಿಯೋ ಮುದ್ರಣವೊಂದೂ ಇಲ್ಲ. 1969ರಿಂದ ಎರಡು ವರ್ಷ ವೇದಿಕೆಯನ್ನೂ ತೊರೆದರು. ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಓದಿದ್ದ, ಜಪಾನಿನ ಪ್ರವಾಸದಲ್ಲಿ ಝೆನ್ ಪಂಥದ ಪರಿಚಯ ಪಡೆದಿದ್ದ ರೋಲಿನ್ಸ್ ಪವಾಯಿಗೆ ಬಂದದ್ದು ಈ ಅವಧಿಯಲ್ಲೇ.

ಅವರು ತಂಗಿದ್ದು ಸ್ವಾಮಿ ಚಿನ್ಮಯಾನಂದರು 1963ರಲ್ಲಿ ಆರಂಭಿಸಿದ್ದ ಸಾಂದೀಪನಿ ಸಾಧನಾಲಯದಲ್ಲಿ. ಅಂದಿನ ಪವಾಯಿಯನ್ನು ಇಂದಿನ ಗಗನಚುಂಬಿಗಳ ನಡುವೆ ಊಹಿಸಿಕೊಳ್ಳುವುದು ಕಷ್ಟ. 1891ರಲ್ಲಿ ಕಟ್ಟಿದ ಕೆರೆ, ಅದರ ದಡದಲ್ಲಿ 1958ರಲ್ಲಿ ಆರಂಭವಾದ ಐಐಟಿ, ಸುತ್ತ ಗುಡ್ಡ ಮತ್ತು ಕುರುಚಲು ಕಾಡು. ಆಶ್ರಮದಲ್ಲಿ ಉಪನಿಷತ್ತು, ಗೀತೆಗಳ ಪಾಠ. ಅಲ್ಲಿ ರೋಲಿನ್ಸ್‌ಗೆ ಎದುರಾದ ತೊಡಕು ಅತ್ಯಂತ ಸಾಮಾನ್ಯವಾದದ್ದು, ನಮಗೆಲ್ಲ ಗೊತ್ತಿರುವಂಥದ್ದು: ಕಣ್ಣು ಮುಚ್ಚಿ ಕುಳಿತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಅದನ್ನು ಸ್ವಾಮಿಗಳಲ್ಲಿ ಅರಿಕೆ ಮಾಡಿಕೊಂಡಾಗ, ಸ್ಯಾಕ್ಸೋಫೋನ್ ನುಡಿಸುವುದೇ ನಿಮ್ಮ ಧ್ಯಾನ, ನಿಮಗೆ ಬೇರೆ ಧ್ಯಾನದ ಅಗತ್ಯವಿಲ್ಲ ಎಂಬರ್ಥದ ಉತ್ತರ ದೊರಕಿತಂತೆ. ಈ ಪ್ರಸಂಗವನ್ನು ರೋಲಿನ್ಸ್ ಮುಂದೆ ಅನೇಕ ಸಂದರ್ಶನಗಳಲ್ಲಿ ನೆನೆದಿದ್ದಾರೆ.

ಕಾಯಕವೇ ಕೈಲಾಸವೆಂಬ ಮಾತನ್ನು ಗೋಡೆಬರಹವಾಗಿಸಿಕೊಂಡಿರುವ ಕನ್ನಡಿಗರಿಗೆ ಈ ಉತ್ತರ ತೀರ ಪರಿಚಿತವೆನ್ನಿಸಬಹುದು. ಪರಿಚಿತವಾದದ್ದರಿಂದಲೇ ಅದರ ಬಲವನ್ನು ನಾವು ಮರೆತಿರುತ್ತೇವೆ. ಅಭ್ಯಾಸಕ್ಕೆ ಅಂತ್ಯವೇ ಇಲ್ಲ, ತೃಪ್ತಿ ಎಂದೂ ಬರುವುದಿಲ್ಲ ಎಂಬ ಸಂಕಟದಿಂದ ವೇದಿಕೆ ಬಿಟ್ಟಿದ್ದ ಕಲಾವಿದನಿಗೆ, ಆ ಅತೃಪ್ತಿಯೇ ಸಾಧನೆಯೆಂದು ತಿಳಿಸಿ ವಾದ್ಯವನ್ನು ಮತ್ತೆ ಕೈಗಿಟ್ಟ ಉತ್ತರವದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1960ರ ದಶಕದಲ್ಲಿ ಭಾರತದತ್ತ ಮುಖಮಾಡಿದ ಪಾಶ್ಚಾತ್ಯ ಸಂಗೀತಗಾರರಲ್ಲಿ ಹಲವರು ರಾಗಗಳನ್ನೂ ಸಿತಾರಿನ ಝೇಂಕಾರವನ್ನೂ ತಮ್ಮ ಸಂಗೀತಕ್ಕೆ ತುಂಬಿಕೊಂಡರು. ಕೋಲ್‌ಟ್ರೇನ್ ‘ಇಂಡಿಯಾ’ ಎಂಬ ರಚನೆಯನ್ನೇ ಮಾಡಿದರು. ಮಗನಿಗೆ ಪಂಡಿತ್ ರವಿಶಂಕರರ ನೆನಪಿಗೆ ರವಿ ಎಂದು ಹೆಸರಿಟ್ಟರು. ರೋಲಿನ್ಸ್ ಅಂಥದ್ದೇನನ್ನೂ ಮಾಡಲಿಲ್ಲ. 1972ರಲ್ಲಿ ಬಂದ ‘ನೆಕ್ಸ್ಟ್ ಆಲ್ಬಮ್’ನಲ್ಲಿ ರಾಗಛಾಯೆಯನ್ನು ಹುಡುಕಿದರೆ ಸಿಗದು. ಎಷ್ಟೋ ವರ್ಷಗಳ ಬಳಿಕದ ಒಂದು ರಚನೆಗೆ ಅವರು ‘ಪತಂಜಲಿ’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಯೂ ಹೆಸರಷ್ಟೇ ನಮ್ಮದು, ಸಂಗೀತ ಅವರದೇ. ಭಾರತದಿಂದ ಅವರು ಪಡೆದದ್ದು ಸ್ವರವಲ್ಲ, ನಿಷ್ಠೆ. ಅತಿಥಿಯಾಗಿ ಬಂದವನು ಮನೆಯ ಪಾತ್ರೆಯನ್ನು ಒಯ್ಯದೆ ಊಟದ ರುಚಿಯನ್ನಷ್ಟೇ ನೆನಪಿನಲ್ಲಿ ಒಯ್ದಂತೆ.

1978ರಲ್ಲಿ ಅವರು ಮುಂಬಯಿಗೆ ಮತ್ತೆ ಬಂದರು, ಈ ಸಲ ವಾದಕರಾಗಿ. ನಿರಂಜನ ಝವೇರಿಯವರ ಮುಂದಾಳುತನದಲ್ಲಿ ಆರಂಭವಾದ ‘ಜಾಝ್ ಯಾತ್ರಾ’ ಉತ್ಸವದ ಮೊದಲ ವರ್ಷವದು. ಜಾಝ್ ಈ ನಗರಕ್ಕೆ ಹೊಸದಾಗಿರಲಿಲ್ಲ. 1930ರ ದಶಕದಲ್ಲೇ ಲಿಯಾನ್ ಆಬಿ, ಟೆಡ್ಡಿ ವೆದರ್‌ಫೋರ್ಡ್ ಮೊದಲಾದ ಅಮೆರಿಕದ ಕರಿಯ ಕಲಾವಿದರು ತಾಜಮಹಲ್ ಹೋಟೆಲಿನಲ್ಲಿ ನುಡಿಸಿದ್ದರು. ಅವರಿಂದ ಕಲಿತ ಗೋವೆಯ ವಾದಕರು ಹಿಂದಿ ಚಿತ್ರಗೀತೆಗಳಿಗೆ ಆ ಲಯವನ್ನು ಸಾಗಿಸಿದರು. ತುತ್ತೂರಿ ವಾದಕ ಚಿಕ್ ಚಾಕೊಲೇಟ್ ಅವರು ಸಿ. ರಾಮಚಂದ್ರರ ಸಂಗೀತಕ್ಕೆ ಕೊಟ್ಟ ಕಾಣಿಕೆಯಿಂದಾಗಿ, 1951ರ ‘ಅಲಬೇಲಾ’ ಚಿತ್ರದ ಹಾಡುಗಳನ್ನು ಗುನುಗುವ ಹಿರಿಯರು ತಮಗರಿವಿಲ್ಲದೆಯೇ ಜಾಝ್ ಗುನುಗುತ್ತಿರುತ್ತಾರೆ.

ರೋಲಿನ್ಸ್ ಬಂದುಹೋದ ಎರಡು ವರ್ಷಗಳಿಗೆ, 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ, ಸ್ಯಾಕ್ಸೋಫೋನಿನ ಕಥೆ ಕನ್ನಡನಾಡಿನತ್ತ ಹೊರಳಿತು. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ವಾದನವನ್ನು ಕ್ಯಾಲಿಫೋರ್ನಿಯಾದ ಜಾಝ್ ವಾದಕ ಜಾನ್ ಹ್ಯಾಂಡಿ ಕೇಳಿದ್ದು ಇಲ್ಲಿಯೇ. ಹ್ಯಾಂಡಿ ಅವರೇ ಕೇಳಿಕೊಂಡು ಗೋಪಾಲನಾಥರ ಜತೆ ವೇದಿಕೆಯೇರಿದರು. ನಾಗಸ್ವರ ವಿದ್ವಾಂಸರಾದ ತಂದೆ ತನಿಯಪ್ಪನವರ ಮಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತು, ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಮತ್ತು ಚೆನ್ನೈಯ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ಗಮಕಗಳಿಗೆ ಒಗ್ಗದ ವಾದ್ಯವನ್ನು ಸುಮಾರು ಇಪ್ಪತ್ತು ವರ್ಷಗಳ ಸಾಧನೆಯಿಂದ ಪಳಗಿಸಿದ್ದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರ ಅಕ್ಟೋಬರ್ 11ರಂದು ತೀರಿಕೊಂಡರು.

ಗೋಪಾಲನಾಥರದು ಆಲ್ಟೊ, ರೋಲಿನ್ಸ್ ಅವರದು ಟೆನರ್. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ಒಬ್ಬರು ನಮ್ಮ ವೇದಾಂತವನ್ನು ಪಡೆದು ತಮ್ಮ ಜಾಝ್ ನುಡಿಸಿದರು, ಇನ್ನೊಬ್ಬರು ಅವರ ವಾದ್ಯವನ್ನು ಪಡೆದು ನಮ್ಮ ಕೀರ್ತನೆ ನುಡಿಸಿದರು. ಎರಡರಲ್ಲೂ ಅನುಕರಣೆಯಿಲ್ಲ. ಈ ಕೊಡುಕೊಳೆಯ ಮುಂದಿನ ಕೊಂಡಿ ರುದ್ರೇಶ್ ಮಹಂತಪ್ಪ. ಕನ್ನಡ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಈ ಆಲ್ಟೊ ವಾದಕರಿಗೆ ಗೋಪಾಲನಾಥರ ಧ್ವನಿಮುದ್ರಿಕೆಯನ್ನು ಅಣ್ಣ ತಮಾಷೆಗೆಂದು ಕೊಟ್ಟಿದ್ದರಂತೆ. ಆ ತಮಾಷೆ ಫಲಿಸಿ 2008ರಲ್ಲಿ ಇಬ್ಬರೂ ಕೂಡಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ತಂದರು. ಅದಕ್ಕೂ ಮೊದಲು, 2004ರ ‘ಮದರ್ ಟಂಗ್’ನಲ್ಲಿ, ರುದ್ರೇಶ್ ಭಾರತೀಯ ಭಾಷೆಗಳ ಮಾತಿನ ಏರಿಳಿತಗಳನ್ನು ಸ್ವರಗಳಾಗಿ ಬರೆದು ರಚನೆಗಳನ್ನು ಕಟ್ಟಿದ್ದರು. ಅವುಗಳಲ್ಲಿ ಒಂದರ ಹೆಸರೇ ‘ಕನ್ನಡ’. ಇಂದು ಮುಂಬಯಿಯ ಕರಾವಳಿ ಮೂಲದವರ ಮದುವೆಗಳಲ್ಲಿ ಸ್ಯಾಕ್ಸೋಫೋನ್ ಮಂಗಳವಾದ್ಯವಾಗಿಯೇ ಕೇಳಿಸುತ್ತದೆ. ಘಾಟ್ಕೋಪರಿನಲ್ಲಿ ಬೆಳೆದ ಮಕ್ಕಳು ಅದನ್ನು ನಮ್ಮ ಊರಿನ ವಾದ್ಯವೆಂದೇ ತಿಳಿದಿದ್ದಾರೆ.

ರೋಲಿನ್ಸ್ ಅವರ ಉತ್ತರಾರ್ಧದ ಕಥೆ ದೀರ್ಘ. 1965ರಲ್ಲಿ ಕೈಹಿಡಿದ ಪತ್ನಿ ಲೂಸಿಲ್ ಅವರ ವ್ಯವಹಾರಗಳನ್ನೆಲ್ಲ ನೋಡಿಕೊಂಡರು. 1981ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಟ್ಯಾಟೂ ಯು’ ತಟ್ಟೆಯಲ್ಲೂ ಅವರ ಟೆನರ್ ಕೇಳಿಸಿತು. ಆ ದಶಕಗಳ ಸ್ಟುಡಿಯೋ ಮುದ್ರಣಗಳಿಗಿಂತ ವೇದಿಕೆಯ ವಾದನವೇ ಮೇಲೆಂಬುದು ಕೇಳುಗರ ಸಾಮಾನ್ಯ ಅಭಿಪ್ರಾಯ, ನಮ್ಮದೂ ಅದೇ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ಅವರ ಮನೆ ಕೆಲವೇ ಬೀದಿಗಳ ಆಚೆಗಿತ್ತು. ಸ್ಯಾಕ್ಸೋಫೋನ್ ಹಿಡಿದುಕೊಂಡು ಮನೆ ತೊರೆದ ಎಪ್ಪತ್ತೊಂದರ ಆ ಮುದುಕರು ಕಚೇರಿಯನ್ನು ರದ್ದುಗೊಳಿಸಲು ಬಯಸಿದ್ದರು, ಲೂಸಿಲ್ ಒಪ್ಪಲಿಲ್ಲ. ಸೆಪ್ಟೆಂಬರ್ 15ರಂದು ಬೋಸ್ಟನ್ನಿನಲ್ಲಿ ನುಡಿಸಿದರು. ‘ವಿದೌಟ್ ಎ ಸಾಂಗ್’ ಎಂಬ ಹೆಸರಿನಲ್ಲಿ 2005ರಲ್ಲಿ ಅದು ಹೊರಬಂದಾಗ ಲೂಸಿಲ್ ಇರಲಿಲ್ಲ, 2004ರಲ್ಲಿ ತೀರಿಕೊಂಡಿದ್ದರು.

ಶ್ವಾಸಕೋಶದ ಕಾಯಿಲೆಯಿಂದಾಗಿ 2012ರ ಬಳಿಕ ಅವರು ಕಚೇರಿ ನಡೆಸಲಿಲ್ಲ. 2014ರ ಹೊತ್ತಿಗೆ ವಾದ್ಯವನ್ನೇ ಕೆಳಗಿಟ್ಟರು. ಈ ಮೂರನೆಯ ಮೌನ ಅವರು ಆರಿಸಿಕೊಂಡದ್ದಲ್ಲ. ಅದನ್ನು ಕುರಿತು ಮಾತನಾಡಿದಾಗಲೆಲ್ಲ ಅವರ ಬಾಯಲ್ಲಿ ಕರ್ಮ, ಕೃತಜ್ಞತೆ, ಮರುಜನ್ಮಗಳ ಮಾತೇ ಬಂದಿದೆ, ಗೋಳು ಬಂದಿಲ್ಲ. ಮೊದಲೆರಡು ಮೌನಗಳಲ್ಲಿ ಮಾಡಿದ ಅಭ್ಯಾಸ ಮೂರನೆಯದರಲ್ಲಿ ಕೈಬಿಡಲಿಲ್ಲವೆಂದು ನಾವು ತಿಳಿಯುತ್ತೇವೆ.

ವಿಲಿಯಮ್ಸ್‌ಬರ್ಗ್ ಸೇತುವೆಗೆ ರೋಲಿನ್ಸ್ ಅವರ ಹೆಸರಿಡಬೇಕೆಂದು ನ್ಯೂಯಾರ್ಕಿನಲ್ಲಿ ಕೆಲವರು ಒತ್ತಾಯಿಸುತ್ತ ಬಂದಿದ್ದಾರೆ. ಪವಾಯಿಯಲ್ಲಿ ಅಂಥ ಫಲಕ ಬೇಕೆಂದು ನಾವು ಕೇಳುವುದಿಲ್ಲ. ಮುಂಬಯಿಯ ಕನ್ನಡ ಓದುಗರಿಗೆ ನಮ್ಮ ಬಿನ್ನಹ ಇಷ್ಟೇ: ‘ಸ್ಯಾಕ್ಸೋಫೋನ್ ಕೊಲಾಸಸ್’, ‘ದ ಬ್ರಿಜ್’, ‘ನೆಕ್ಸ್ಟ್ ಆಲ್ಬಮ್’, ‘ವಿದೌಟ್ ಎ ಸಾಂಗ್’ ಈ ನಾಲ್ಕನ್ನು ಇದೇ ಕ್ರಮದಲ್ಲಿ, ಒಂದೊಂದು ಸಂಜೆಗೆ ಒಂದರಂತೆ ಕೇಳಿರಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದು ಸೇತುವೆಯಿದೆ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಪವಾಯಿಯಿದೆ.